ಕಲಾಯಿಗಾರನ ಮಗಳ ಬಲಗೈ

ಸಿಂದಗಿ, ೭ ಫೆಬ್ರುವರಿ ೧೯೫೮

ಎಡಗೈ. ಎರಡು ಸಾಲಿಗೇ ಬೆವರು ಬಂತು. ಮಸಿ ಚೆಲ್ಲಿತು. ಒಂದನೆಯ ಇಯತ್ತೆಯ ಹುಡುಗಿಯರು ನನಗಿಂತ ಚೆಂದ ಬರೆಯುತ್ತಾರೆ. ಇವತ್ತಿಗೆ ಸಾಕು.

೯ ಫೆಬ್ರುವರಿ

ಮಕ್ಕಳಿಗೆ ಕೊಡುವಂತೆ ನನಗೆ ನಾನೇ ಒಂದು ನಿಬಂಧ ಕೊಟ್ಟುಕೊಂಡಿದ್ದೇನೆ. ವಿಷಯ: ನನ್ನ ಪರಿಚಯ.

ನನ್ನ ಹೆಸರು ಅಬಿದಾ. ಸಿಂದಗಿಯ ಕನ್ನಡ ಹೆಣ್ಣುಮಕ್ಕಳ ಶಾಲೆಯಲ್ಲಿ ಎರಡನೆಯ ಇಯತ್ತೆಗೆ ಕಲಿಸುತ್ತೇನೆ. ಅಬ್ಬಾ ದಸ್ತಗೀರಸಾಬ, ಕಲಾಯಿಗಾರರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ತಾಲೂಕಿನ ಸಂತೆ ತಿರುಗಿ, ತಿದಿ ಊದಿ, ತಾಮ್ರ ಹಿತ್ತಾಳೆ ಪಾತ್ರೆಗಳ ಒಳಮೈಗೆ ತವರ ಹಚ್ಚುತ್ತಾರೆ. ಅಮ್ಮಾ ಅಮೀನಾಬಿ, ಹುಳಿ ಸೊಪ್ಪಿನ ಪುಂಡಿಪಲ್ಯ ಮಾಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ನಾನೊಬ್ಬಳೇ ಮಗಳು.

ಜನವರಿ ಇಪ್ಪತ್ತಾರರ ಝಂಡಾಕ್ಕೆಂದು ಮೇಜಿನ ಮೇಲೆ ಬೆಂಚು ಇಟ್ಟು, ಅದರ ಮೇಲೆ ನಾನು ನಿಂತು ಕಾಗದದ ಪತಾಕೆ ಕಟ್ಟುತ್ತಿದ್ದೆ. ಬಿದ್ದೆ. ಬಲಗೈಯ ಮುಂಗೈ ಎಲುಬು ಎರಡಾಯಿತು. ಇಂಡಿಯಲ್ಲಿ ಕಟ್ಟಿಸಿದೆವು, ಕಟ್ಟಿದ್ದು ಜಾರಿತು. ಕಡೆಗೆ ಬಾಗೇವಾಡಿಯ ಡಾಕ್ಟರ್ ಶ್ರೀಶೈಲಪ್ಪನವರು ಕೊಯ್ದು, ಎಲುಬಿಗೆ ಲೋಹದ ಪಟ್ಟಿ ಇಟ್ಟು, ಸ್ಕ್ರೂ ಹಾಕಿ, ಮೇಲೆ ಪ್ಲಾಸ್ಟರ್ ಕಟ್ಟಿ ಕಳಿಸಿದ್ದಾರೆ.

ನಮ್ಮ ಶಾಲೆಯ ದೊಡ್ಡ ಬಾಯಾರು, ಮುಖ್ಯೋಪಾಧ್ಯಾಯಿನಿ ಸೀತವ್ವನವರು ನೋಡಲು ಬಂದಿದ್ದರು. ಜೂನಿನಲ್ಲಿ ಶಾಲೆ ತೆರೆದಾಗ ಬೋರ್ಡಿನ ಮೇಲೆ ಬರೆಯಲು ಬಂದರೆ ನನ್ನ ಜಾಗ ನನಗೇ, ಇಲ್ಲವಾದರೆ ಇಂಡಿಯಿಂದ ಬೇರೊಬ್ಬಳು ಬರುತ್ತಾಳೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಬಲಗೈ ನಂಬಿ ಕೂರಬೇಡ, ದಿನಾ ಎಡಗೈಯಿಂದ ಬರೆ ಎಂದರು. ಅದಕ್ಕೇ ಈ ಪಾಡು. ನಿಬಂಧ ಮುಗಿಯಲು ಎರಡು ದಿನ ಹಿಡಿಯಿತು.

೧೧ ಫೆಬ್ರುವರಿ

ಮನೆಯಲ್ಲಿ ಹುಳಿ ಬಂದ್.

ದವಾಖಾನೆಯಿಂದ ಹೊರಡುವಾಗ ಅಬ್ಬಾ ಕೇಳಿದ್ದರು, ಈ ಪಟ್ಟಿಯನ್ನು ಯಾವಾಗ ತೆಗೆಯುತ್ತೀರಿ ಎಂದು. ಡಾಕ್ಟರು ನಕ್ಕರು.

“ತೆಗಿಯೂದ ಬ್ಯಾಡ್ರಿ ದಸ್ತಗೀರಸಾಬ. ಉಕ್ಕಿಂದಾದ್ರ ಮತ್ತ ಕೊಯ್ದು ತೆಗೀಬೇಕು. ಇದು ಬ್ಯಾರೆ ಲೋಹ, ಮ್ಯಾಗ್ನೀಸಿಯಂ. ಎಲುಬು ಕೂಡೂತನಕ ಹಿಡಕೊಂಡಿರತೈತಿ, ಆಮ್ಯಾಲೆ ಮೈಯಾಗ ತಾನಾಗೇ ಸವದು ಹೋಗತೈತಿ.”

ಬೆಲ್ಜಿಯಂ ದೇಶದಲ್ಲಿ ಕಲಿತು ಬಂದವರು, ಪಟ್ಟಿಗಳನ್ನೂ ಅಲ್ಲಿಂದಲೇ ತಂದವರು. ಲೋಹದ ಕಸುಬಿನವರೆಂದು ತಿಳಿದು ಅಬ್ಬಾನ ಕೈಗೆ ಸೊಟ್ಟಗಾದ ಒಂದು ಸ್ಕ್ರೂ ಕೊಟ್ಟರು. ಅಬ್ಬಾ ಅದನ್ನು ಅಂಗೈಯಲ್ಲಿ ತೂಗಿ ನೋಡುತ್ತಲೇ ಬಸ್ಸಿನಲ್ಲಿ ಕೂತಿದ್ದರು. ಮನೆಗೆ ಬಂದು ಅಮ್ಮಾನಿಗೆ ಹೇಳಿದ್ದು ಇಷ್ಟೇ: ಲೋಹ ಸವೆಯುವುದೆಂದರೆ ಕಿಲುಬು ಏಳುವುದು. ಕಲಾಯಿ ಹೋದ ತಾಮ್ರದ ಹಂಡೆಯಲ್ಲಿ ಸಾರು ಇಟ್ಟು, ಉಂಡ ಮಂದಿಯೆಲ್ಲ ವಾಂತಿ ಮಾಡಿಕೊಂಡ ಮದುವೆಮನೆಗಳನ್ನು ಅವರು ನೋಡಿದ್ದಾರೆ. ಲೋಹವನ್ನು ತಿನ್ನುವುದು ಹುಳಿ. ಆದ್ದರಿಂದ ಹುಣಸೆ ಇಲ್ಲ, ಮಜ್ಜಿಗೆ ಇಲ್ಲ, ನಿಂಬೆ ಇಲ್ಲ, ಪುಂಡಿಪಲ್ಯ ಅಂತೂ ಇಲ್ಲವೇ ಇಲ್ಲ.

ನಾನು ಕಲಿತವಳು, ವಾದ ಮಾಡಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಅಬ್ಬಾ ಹೇಳಿದ ಮೇಲೆ ಮುಗಿಯಿತು. ರೊಟ್ಟಿಗೆ ಬರೀ ಬೇಳೆ ಹಚ್ಚಿಕೊಂಡು ತಿಂದೆ.

೧೫ ಫೆಬ್ರುವರಿ

ಕೈ ಬಾತಿದೆ. ಪ್ಲಾಸ್ಟರಿನೊಳಗೆ ಯಾರೋ ಹಿಂಡುತ್ತಿರುವಂತೆ ಬಿಗಿ. ಬೆರಳು ಬದನೆಕಾಯಿಯಾಗಿವೆ.

ಅಮ್ಮಾ ಎಣ್ಣೆ ಹಚ್ಚಲು ಬಂದು, ಪ್ಲಾಸ್ಟರಿನ ಅಂಚಿನ ಮೇಲೆ, ಮೊಳಕೈಯ ಹತ್ತಿರ ಒತ್ತಿದಳು. ಚರಚರ ಎಂದಿತು. ನನ್ನ ಚರ್ಮದ ಒಳಗೆ. ಗಂಜಿ ಹಾಕಿದ ಹೊಸ ಬಟ್ಟೆಯನ್ನು ಹಿಸುಕಿದರೆ ಬರುವಂಥ ಸಪ್ಪಳ. ಅಮ್ಮಾ ಕೈ ಹಿಂದೆಳೆದುಕೊಂಡಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಾನೇ ಒತ್ತಿ ನೋಡಿದೆ. ಮತ್ತೆ ಚರಚರ.

“ಒಳಗ ಏನೋ ಐತಿ” ಎಂದಳು ಅಮ್ಮಾ, ಬಹಳ ಸಣ್ಣ ದನಿಯಲ್ಲಿ.

ನನ್ನ ಮೈಯನ್ನು ಮುಟ್ಟಲು ನನಗೇ ಹೇಸಿಗೆ, ಹೆದರಿಕೆ. ಇದು ನನ್ನ ಕೈಯೇ ಅಲ್ಲ, ಯಾರದೋ ಕೈ ತಂದು ಹೊಲಿದಿದ್ದಾರೆ ಎಂದು ಅನ್ನಿಸುತ್ತಿದೆ. ನಾಳೆ ಬಾಗೇವಾಡಿಗೆ ಹೋಗುವುದು.

೧೭ ಫೆಬ್ರುವರಿ

ನಿನ್ನೆ ಡಾಕ್ಟರು ಪ್ಲಾಸ್ಟರ್ ಸೀಳಿದರು. ಕೈ ದಿಂಡಿನಂತೆ ಉಬ್ಬಿತ್ತು. ಅವರೂ ಒತ್ತಿ ನೋಡಿ, ತಲೆಯಾಡಿಸಿ, ಸೂಜಿ ಚುಚ್ಚಿದರು. ಕೀವು ಬರುತ್ತದೆ, ರಕ್ತ ಬರುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡಿದ್ದೆ. ಅಬ್ಬಾ ಉಸಿರೆಳೆದ ಸದ್ದು ಕೇಳಿ ಕಣ್ಣು ತೆರೆದರೆ ಸಿರಿಂಜಿನಲ್ಲಿ ಏನೂ ಇಲ್ಲ. ಏನೂ ಇಲ್ಲದ್ದೇ ಒಳಗಿನಿಂದ ತುಂಬಿಕೊಂಡು ಬಂದು ಹಿಡಿಯನ್ನು ಮೇಲಕ್ಕೆ ದೂಡುತ್ತಿತ್ತು.

ಗಾಳಿ. ನನ್ನ ಕೈಯೊಳಗಿನಿಂದ ಗಾಳಿ ಬಂತು.

ಡಾಕ್ಟರು ಹೇಳಿದ್ದು ನನಗೆ ತಿಳಿದಷ್ಟು ಬರೆಯುತ್ತೇನೆ. ಮೈಯಲ್ಲಿ ಇರುವುದೆಲ್ಲ ಉಪ್ಪುನೀರು. ಆ ನೀರು ತಾಗಿದರೆ ಈ ಲೋಹ ಮೆಲ್ಲಗೆ ಬಿಳಿಯ ಪುಡಿಯಾಗುತ್ತ ಸವೆಯುತ್ತದೆ, ಸವೆಯುವಾಗ ಗಾಳಿ ಬಿಡುತ್ತದೆ. ಮೊದಮೊದಲು ಗಾಳಿ ಹೆಚ್ಚು, ಮೈ ಹೀರಿಕೊಳ್ಳುವುದಕ್ಕಿಂತ ಹೆಚ್ಚು, ಅದಕ್ಕೇ ಬಾವು. ಆಮೇಲೆ ಕಡಿಮೆಯಾಗುತ್ತದೆ. ಹೀಗೆ ಇನ್ನೂ ಒಂದೆರಡು ಸಲ ಬಂದರೂ ಹೆದರಬಾರದು.

ಹೆದರಬಾರದು ಎಂದು ಹೇಳುವಾಗ ಅವರ ಸೂಜಿ ಹಿಡಿದ ಕೈ ನಡುಗುತ್ತಿದ್ದುದನ್ನು ನಾನು ನೋಡಿದೆ. ಹೊಸ ಪ್ಲಾಸ್ಟರು ಬೆರಳುಗಳನ್ನು ಬಿಟ್ಟು ಕಟ್ಟಿದರು. ಎಡಗೈ ಸೋತಿತು.

೨೮ ಫೆಬ್ರುವರಿ

ನಿನ್ನೆ ಆದದ್ದನ್ನು ನಿನ್ನೆ ಬರೆಯಲಾಗಲಿಲ್ಲ.

ಸಂತೆಯಲ್ಲಿ ಅಬ್ಬಾ ಭಟ್ಟಿ ಹೂಡಿದ್ದರು. ನಾನು ಊಟದ ಗಂಟು ಕೊಡಲು ಹೋಗಿದ್ದೆ. ಗಿರಾಕಿ ಕಡಿಮೆಯಿತ್ತು. ಅಬ್ಬಾ ಜೇಬಿನಿಂದ ಆ ಸೊಟ್ಟ ಸ್ಕ್ರೂ ತೆಗೆದರು. ಗೊತ್ತಿಲ್ಲದ ಲೋಹ ಸಿಕ್ಕರೆ ನಮ್ಮವರು ಮಾಡುವುದು ಒಂದೇ ಕೆಲಸ: ಬೆಂಕಿಗೆ ಇಟ್ಟು ನೋಡುವುದು. ತವರ ಯಾವ ಬಿಸಿಗೆ ನೀರಾಗುತ್ತದೆ, ಸೀಸ ಯಾವ ಬಣ್ಣಕ್ಕೆ ತಿರುಗುತ್ತದೆ ಎಂದು ಅಬ್ಬಾ ಕಣ್ಣಳತೆಯಲ್ಲೇ ಹೇಳಬಲ್ಲರು. ಚಿಮಟದಲ್ಲಿ ಹಿಡಿದು ಕೆಂಡದ ನಡುವೆ ಇಟ್ಟರು. ತಿದಿ ಒತ್ತಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಸುಳ್ಳು ಲೋಹ ಎಂದು ನಗುತ್ತ ಇನ್ನೊಮ್ಮೆ ಒತ್ತಿದರು.

ಆಮೇಲೆ ಬೆಳಕು. ಬೆಂಕಿ ಎಂದು ಅದಕ್ಕೆ ಹೇಳಲಾರೆ. ಬೆಂಕಿ ಕೆಂಪಗಿರುತ್ತದೆ, ಇದು ಬೆಳ್ಳಗೆ. ಮಧ್ಯಾಹ್ನದ ಬಿಸಿಲೇ ಕತ್ತಲಾದ ಹಾಗೆ ಆಯಿತು. ಪಕ್ಕದ ಬಳೆಗಾರ್ತಿ ಗುಂಡವ್ವ ಬಳೆಯ ಮಲ್ಲಾರ ಬಿಟ್ಟು ಓಡಿದಳು. ಅಬ್ಬಾ ಕಣ್ಣು ಮುಚ್ಚಿಕೊಂಡೇ ಪಕ್ಕದ ಬಕೆಟ್ಟಿನ ನೀರು ಎತ್ತಿ ಸುರಿದರು. ನೀರು ಬಿದ್ದರೆ ಆರಬೇಕಲ್ಲವೇ? ಧಡ್ ಎಂದು ಸಿಡಿದು ಇನ್ನೂ ಮೇಲೆದ್ದಿತು. ಕೆಂಡ ಹಾರಿ ಅಬ್ಬಾನ ಗಡ್ಡ ಸುಟ್ಟಿತು, ಹುಬ್ಬು ಸುಟ್ಟಿತು. ಒಂದು ಕ್ಷಣದಲ್ಲಿ ಎಲ್ಲ ಮುಗಿದು ಭಟ್ಟಿಯಲ್ಲಿ ಚಿಟಿಕೆಯಷ್ಟು ಬಿಳಿ ಬೂದಿ ಉಳಿಯಿತು.

ಸಂತೆಯೆಲ್ಲ ಬಂದು ಸುತ್ತುಗಟ್ಟಿತು. ದಸ್ತಗೀರಣ್ಣ ಸಿಡಿಮದ್ದು ಸುಟ್ಟ ಎಂದರು, ಪೊಲೀಸರು ಬರುತ್ತಾರೆ ಎಂದರು. ಅಬ್ಬಾ ಕಣ್ಣೀರು ಸುರಿಯುವ ಕಣ್ಣಲ್ಲಿ ತಡಕಾಡಿ ನೋಡಿದ್ದು ನನ್ನ ಕೈಯನ್ನು. ಜೋಳಿಗೆಯಲ್ಲಿ ತೂಗುಬಿಟ್ಟ ನನ್ನ ಬಲಗೈಯನ್ನು.

ನನಗೂ ಆಗಲೇ ಹೊಳೆದದ್ದು. ಒಂದು ಸ್ಕ್ರೂ ಹೀಗೆ ಮಾಡಿದರೆ ನನ್ನೊಳಗೆ ಇಡೀ ಪಟ್ಟಿ ಇದೆ. ನೀರಿಗೂ ಆರದ್ದು, ನೀರಿನಲ್ಲೇ ಮುಳುಗಿ ಕೂತಿದೆ.

೨ ಮಾರ್ಚ್

ಒಲೆಯ ಹತ್ತಿರ ಹೋಗುವಂತಿಲ್ಲ. ಚಿಮಣಿ ದೀಪ ಹಚ್ಚುವಂತಿಲ್ಲ. ಬಿಸಿಲಿಗೆ ಹೋದರೆ ಅಮ್ಮಾ ತೋಳ ಮೇಲೆ ತಣ್ಣೀರ ಬಟ್ಟೆ ಹೊದಿಸುತ್ತಾಳೆ. ನೀರಿಗೆ ಇನ್ನೂ ಜೋರಾಯಿತಲ್ಲ ಎಂದರೆ ಬಟ್ಟೆ ತೆಗೆಯುತ್ತಾಳೆ. ಆಮೇಲೆ ಮತ್ತೆ ಹೊದಿಸುತ್ತಾಳೆ.

ನಾನು ಮನುಷ್ಯಳೋ ಮದ್ದಿನ ಮನೆಯೋ?

ಅಬ್ಬಾ ನನ್ನ ಕೈ ಮುಟ್ಟುವುದಿಲ್ಲ. ನೀರಿನ ತಂಬಿಗೆ ಕೊಟ್ಟರೂ ಎಡಗೈಗೇ ಕೊಡುತ್ತಾರೆ.

೬ ಮಾರ್ಚ್

ಅಬ್ಬಾ ಒಬ್ಬರೇ ಬಾಗೇವಾಡಿಗೆ ಹೋಗಿ ಜಗಳಾಡಿ ಬಂದಿದ್ದಾರೆ. ಪಟ್ಟಿ ತೆಗೆಯಿರಿ ಎಂದರಂತೆ. ಈಗ ತೆಗೆದರೆ ಹಸಿ ಎಲುಬು ಮತ್ತೆ ಜಾರುತ್ತದೆ, ಬೆರಳು ಮಡಿಸುವ ನರಕ್ಕೆ ಪೆಟ್ಟು ಬೀಳಬಹುದು, ಆ ಕೈ ಪೆನ್ನು ಹಿಡಿಯುವುದನ್ನು ಮರೆಯಿರಿ ಎಂದು ಡಾಕ್ಟರು ಹೇಳಿದರಂತೆ. ಪೆನ್ನು ಹಿಡಿಯದಿದ್ದರೂ ಮಗಳು ಉಳಿಯಲಿ ಎಂದು ಅಬ್ಬಾ ಎದ್ದು ಬಂದರಂತೆ.

ಮುದ್ದೇಬಿಹಾಳದಲ್ಲಿ ಬೇರೊಬ್ಬ ಡಾಕ್ಟರು ಕೊಯ್ದು ತೆಗೆಯಲು ಒಪ್ಪಿದ್ದಾರೆ. ಉಗಾದಿಯ ಮುಂಚೆ ಹೋಗುವುದು.

ಅಂದರೆ ಶಾಲೆ ಹೋಯಿತು. ಎಡಗೈಯಲ್ಲಿ ಬರೆಯುವ ಈ ಕಾಗೆಕಾಲು ಯಾವ ಬೋರ್ಡಿಗೂ ಏರುವುದಿಲ್ಲ, ಅದು ನನಗೆ ಗೊತ್ತಿದೆ. ಆದರೆ ಆ ಬೆಳಕು ಕಣ್ಣ ಮುಂದೆ ಬಂದರೆ ನನಗೂ ಬೇಡ ಈ ಪಟ್ಟಿ, ಇವತ್ತೇ ಕಿತ್ತುಹಾಕಲಿ ಅನ್ನಿಸುತ್ತದೆ. ಅಬ್ಬಾ ಹೇಳಿದ್ದಾರೆ. ಮುಗಿಯಿತು.

೧೩ ಮಾರ್ಚ್

ಉಗಾದಿ ಹತ್ತಿರ ಬಂದಿದೆ. ಊರಿನ ಪಾತ್ರೆಗಳೆಲ್ಲ ನಮ್ಮ ಅಂಗಳದಲ್ಲಿವೆ. ಕೈ ಕೊಯ್ಯುವ ಡಾಕ್ಟರಿಗೆ ದುಡ್ಡು ಕೊಡಬೇಕಲ್ಲ, ಅಬ್ಬಾ ಎದ್ದವರು ಕೂರುತ್ತಿಲ್ಲ. ನಾನು ದೂರದಲ್ಲಿ, ಬಾಗಿಲ ಹಿಂದೆ.

ಖಾನಾವಳಿ ರೇಣವ್ವ ಎರಡು ಹಂಡೆ ಹೊರಿಸಿಕೊಂಡು ಬಂದಳು. ಅವಳ ಬಾಯಿ ಸಿಂದಗಿಗೆಲ್ಲ ಗೊತ್ತು. ದಸರೆಗೆ ಹಾಕಿದ ಕಲಾಯಿ ಉಗಾದಿಗೆ ಇಲ್ಲ, ತವರ ಹಚ್ಚಿದ್ದೀಯೋ ಸುಣ್ಣ ಹಚ್ಚಿದ್ದೀಯೋ ಎಂದು ಶುರು ಮಾಡಿದಳು. ಅಬ್ಬಾ ತಲೆ ಎತ್ತದೆ, ಕಾದ ಹಂಡೆಗೆ ನವಸಾಗರದ ಪುಡಿ ಉದುರಿಸುತ್ತ, ಇಷ್ಟು ವರ್ಷ ನಾಲ್ಕು ತಾಲೂಕಿನ ಹೆಂಗಸರಿಗೆ ಹೇಳಿದ ಉತ್ತರವನ್ನೇ ಹೇಳಿದರು.

“ಎಲ್ಲಿ ಹೋಗತೈತಿ ತಂಗಿ? ನಿನ್ನ ಖಾನಾವಳ್ಯಾಗ ಉಂಡವ್ರ ಹೊಟ್ಟಿಗಿ ಹೋಗೇತಿ. ಕಲಾಯಿ ಹಚ್ಚೂದ ಸವೀಲಿ ಅಂತ. ಅದು ಸವದ್ರ ತಾಮ್ರ ಉಳೀತೈತಿ, ಮಂದಿ ಉಳೀತಾರ.”

ಚಿಕ್ಕವಳಿದ್ದಾಗಿನಿಂದ ಕೇಳಿದ ಮಾತು. ಇವತ್ತು ಬಾಗಿಲ ಹಿಂದೆ ಅದು ನನಗೆ ಬೇರೆಯಾಗಿ ಕೇಳಿಸಿತು. ಸಿಂದಗಿಯ ವಕೀಲರು, ಬಸ್ಸಿನವರು, ದಲಾಲರು, ಎಲ್ಲರೂ ಅಬ್ಬಾನ ತವರ ಉಂಡು ಬೆಳೆದವರು. ನಾನೂ ಉಂಡಿದ್ದೇನೆ. ಯಾರೂ ಸತ್ತಿಲ್ಲ. ಅಬ್ಬಾನಿಗೆ ಮಾತ್ರ ತಾನು ಏನು ಹೇಳಿದೆನೆಂದು ಗೊತ್ತಾಗಲಿಲ್ಲ, ಹಂಡೆ ತಿರುವಿ ಅರಳೆಯಿಂದ ಒರೆಸುತ್ತಿದ್ದರು.

ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ, ನಿಮ್ಮ ಕಲಾಯಿ ಸವೆಯಬಹುದು, ಅವರ ಪಟ್ಟಿ ಸವೆಯಬಾರದೇ ಎಂದು. ಅಬ್ಬಾ ಹಿಡಿದ ತುತ್ತನ್ನು ತಾಟಿಗೆ ಇಟ್ಟರು. ತವರ ಬೇರೆ, ತವರ ಹಾಗೆ ಉರಿಯುವುದಿಲ್ಲ ಎಂದರು. ಅದೂ ಖರೆ.

೧೮ ಮಾರ್ಚ್

ಎಲ್ಲಿಂದ ಶುರು ಮಾಡಲಿ? ಪ್ಲಾಸ್ಟರಿನ ಅಂಚು ಕಾಗದಕ್ಕೆ ತಿಕ್ಕಿ ಸಾಲು ಸೊಟ್ಟಗಾಗುತ್ತಿದೆ. ಆಗಲಿ. ಇವತ್ತು ಬರೆಯದಿದ್ದರೆ ನನ್ನ ತಲೆ ಒಡೆಯುತ್ತದೆ.

ಮುದ್ದೇಬಿಹಾಳಕ್ಕೆ ಹೊರಟೆವು, ಅಬ್ಬಾ ಮತ್ತು ನಾನು. ಬಸ್ಸು ಬಾಗೇವಾಡಿಯಲ್ಲಿ ನಿಂತಿತು. ಅಬ್ಬಾ ಚಹಾಕ್ಕೆ ಇಳಿದರು. ನಾನೂ ಇಳಿದೆ. ಡ್ರೈವರು ಹಾರ್ನ್ ಮಾಡಿದ, ಅಬ್ಬಾ ಏರಿದರು, ನಾನು ಏರಲಿಲ್ಲ. ಕಂಡಕ್ಟರು ಕೂಗಿದ. ನನ್ನ ಕಾಲು ಏಳಲಿಲ್ಲ, ನಿಜವಾಗಿ ಹೇಳಬೇಕೆಂದರೆ ಅದಕ್ಕಿಂತ ಹೆಚ್ಚಿಗೆ ನಾನೇನೂ ಯೋಚಿಸಿರಲಿಲ್ಲ. ಡಾಕ್ಟರ ಹತ್ತಿರ ಒಂದು ಮಾತು ಕೇಳಿ ಬರುತ್ತೇನೆ ಎಂದು ಹೇಳಿ ನಡೆದೇಬಿಟ್ಟೆ. ಬಸ್ಸಿನ ತುಂಬ ಜನರ ಮುಂದೆ. ಅಬ್ಬಾ ಗಂಟು ಎತ್ತಿಕೊಂಡು ಹಿಂದಿನಿಂದ ಬಂದರು. ಬಸ್ಸು ಹೋಯಿತು.

ಡಾಕ್ಟರು ಅಬ್ಬಾನ ಸುಟ್ಟ ಹುಬ್ಬು ನೋಡಿ ಕೂರಿಸಿದರು. ಭಟ್ಟಿಯ ಕತೆಯನ್ನು ನಾನೇ ಹೇಳಿದೆ. ಅವರಿಗೆ ನಗು ಬಂದಿತ್ತು, ನನ್ನ ಮುಖ ನೋಡಿ ನುಂಗಿಕೊಂಡರು. ಮದುವೆಯಲ್ಲಿ ಫೋಟೋದವರು ಝಗ್ಗೆಂದು ಪುಡಿ ಹಚ್ಚುತ್ತಾರಲ್ಲ, ಅದೂ ಇದೇ ಲೋಹವಂತೆ. ಅದು ಹತ್ತಿಕೊಳ್ಳಬೇಕಾದರೆ ತಿದಿ ಊದಿದ ಭಟ್ಟಿಯ ಕಾವು ಬೇಕು. ಮೈ ಎಷ್ಟು ಜ್ವರ ಬಂದರೂ ಭಟ್ಟಿಯಾಗುವುದಿಲ್ಲ. ಹೊಟ್ಟೆ ಕಟ್ಟಿದರೆ ಕೊಡುವ ಜುಲಾಬಿನ ಉಪ್ಪಿನಲ್ಲೂ ಇದೇ ಇದೆ, ನಾವು ತಿನ್ನುವ ಜೋಳದಲ್ಲೂ ಚೂರು ಇದೆ. ಸವೆದದ್ದರಲ್ಲಿ ಸ್ವಲ್ಪ ಎಲುಬಿಗೆ ಸೇರುತ್ತದೆ, ಉಳಿದದ್ದು ಮೂತ್ರದಲ್ಲಿ ಹೋಗುತ್ತದೆ. ಹುಳಿ ಉಣ್ಣಲಿ, ಬಿಡಲಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. ಅಬ್ಬಾ ನೆಲ ನೋಡುತ್ತಿದ್ದರು.

ಎಲ್ಲ ಸರಿ. ಆದರೆ ನನಗೆ ಆ ನಡುಗುವ ಕೈ ಮರೆತಿರಲಿಲ್ಲ. ಕೇಳಿದೆ.

“ಗಾಳಿ ಬರತೈತಿ ಅಂತ ನಿಮಗ ಮೊದಲ ಗೊತ್ತಿತ್ತೇನ್ರಿ?”

“ಓದಿದ್ದೆ. ನಾಯಿಗೆ ಹಾಕಿದಾಗ ನೋಡಿದ್ದೆ.”

“ಮನಷ್ಯಾರಿಗೆ?”

ಅವರು ಕನ್ನಡಕ ತೆಗೆದು ಒರೆಸಿದರು. “ಆ ದೇಶದಾಗ ಹಾಕ್ಯಾರ. ಭಾಳ ಮಂದಿಗೆ ಛಲೋ ಆಗೇತಿ, ಕೆಲವರಿಗೆ ಆಗಿಲ್ಲ. ನನ್ನ ಕೈಲೆ ಹಾಕಿದ್ದು ನಿನಗ ಮೊದಲು, ಅಬಿದಾ.”

ಬಿದ್ದ ದಿನ ಇಷ್ಟು ನೋವಾಗಿರಲಿಲ್ಲ. ನಾಯಿಯ ನಂತರ ನಾನು. ಯಾಕೆ ಹೇಳಲಿಲ್ಲ ಎಂದು ಅಬ್ಬಾ ಗುಡುಗಿದರು. ಹೇಳಿದ್ದರೆ ನೀವು ಒಪ್ಪುತ್ತಿರಲಿಲ್ಲ, ಮತ್ತೊಮ್ಮೆ ಕೊಯ್ಯುವ ನೋವು ಹುಡುಗಿಗೆ ತಪ್ಪಲಿ ಎಂದು ಮಾಡಿದೆ ಎಂದರು ಡಾಕ್ಟರು. ತಪ್ಪಾಯಿತು ಎಂದೂ ಹೇಳಿದರು. ಅವರು ಹೇಳುತ್ತಿದ್ದುದು ಅಬ್ಬಾನಿಗೆ. ಅಬ್ಬಾ ಬೈಯುತ್ತಿದ್ದುದು ಡಾಕ್ಟರಿಗೆ. ನಡುವೆ ಸ್ಟೂಲಿನ ಮೇಲೆ ನನ್ನ ಕೈ, ಸಂತೆಯಲ್ಲಿಟ್ಟ ಪಾತ್ರೆಯಂತೆ. ಒಬ್ಬರು ಕೇಳದೆ ಹಾಕಿದರು, ಇನ್ನೊಬ್ಬರು ಕೇಳದೆ ತೆಗೆಸುತ್ತಿದ್ದಾರೆ.

“ನನ್ನ ಕೇಳಬೇಕಿತ್ತ್ರಿ” ಎಂದೆ. ಯಾರಿಗೆ ಹೇಳಿದೆನೋ, ಇಬ್ಬರೂ ನನ್ನತ್ತ ತಿರುಗಿದರು. “ಈಗರ ಕೇಳ್ರಿ. ನಾ ತೆಗಸೂದಿಲ್ಲ. ಸವೀತೈತಿ ಅಂದ್ರ ಸವೀಲಿ.”

ವಾಪಸು ಬಸ್ಸಿನಲ್ಲಿ ಅಬ್ಬಾ ಬೇರೆ ಸೀಟಿನಲ್ಲಿ ಕೂತರು. ನಾನು ಮಾಡಿದ್ದು ನನಗೇ ನಂಬಲಾಗುತ್ತಿಲ್ಲ. ನಾಳೆ ಕೈ ಕೊಳೆತರೆ ಯಾರನ್ನು ಬೈಯಲಿ? ಹೆದರಿಕೆ ಹೋಗಿಲ್ಲ. ಹೆದರಿಕೆ ಇಟ್ಟುಕೊಂಡೇ ಬಂದಿದ್ದೇನೆ.

೨೪ ಮಾರ್ಚ್

ಉಗಾದಿ ಆಯಿತು, ರಂಜಾನಿನ ರೋಜಾ ಉಪವಾಸ ಶುರುವಾಯಿತು. ಅಬ್ಬಾ ನನ್ನೊಡನೆ ಮಾತಾಡುವುದಿಲ್ಲ. ಅಮ್ಮಾನ ಮೂಲಕ ಕೇಳುತ್ತಾರೆ, ಬಾವು ಹೇಗಿದೆ ಅಂತ. ಇಳಿದಿದೆ ಎಂದು ನಾನೂ ಅಮ್ಮಾನ ಮೂಲಕ ಹೇಳುತ್ತೇನೆ. ಮೂವರೂ ಒಂದೇ ಕೋಣೆಯಲ್ಲಿ ಕೂತಿರುತ್ತೇವೆ.

೧೦ ಏಪ್ರಿಲ್

ಪ್ಲಾಸ್ಟರ್ ತೆಗೆದರು. ಕೈ ಒಣಗಿದ ತೊಗರಿ ಕಟ್ಟಿಗೆ. ಗಾಯ ಕೂಡಿದೆ, ಒತ್ತಿದರೆ ಸಪ್ಪಳವಿಲ್ಲ. ಒಳಗೆ ಏನು ನಡೆದಿದೆ ಎಂದು ಯೋಚಿಸಲು ಹೋಗುವುದಿಲ್ಲ. ರೋಜಾ ಬಿಡುವ ಹೊತ್ತಿಗೆ ಅಮ್ಮಾನಿಗೆ ಜ್ವರ, ನಾನೇ ಜೋಳದ ಹಿಟ್ಟು ನಾದಿ ರೊಟ್ಟಿ ತಟ್ಟಿದೆ. ಮೊದಲನೆಯದು ಭೂಪಟವಾಯಿತು, ಮೂರನೆಯದು ದುಂಡಗೆ ಬಂತು. ಒಲೆಯ ಮುಂದೆ ಕೂತದ್ದಕ್ಕೆ ಯಾರೂ ಬೈಯಲಿಲ್ಲ, ನಾನೂ ಆಮೇಲೆಯೇ ನೆನೆದದ್ದು. ಬೆರಳಿನ ಹಿಟ್ಟು ಪೆನ್ನಿಗೆ ಮೆತ್ತಿ ಮಸಿ ಸರಿಯಾಗಿ ಇಳಿಯುತ್ತಿಲ್ಲ.

ಈ ಕೈಯಿಂದ ಏನಾದೀತು ಜೂನಿಗೆ? ಸೀತವ್ವ ಬಾಯಾರಿಗೆ ಏನು ಹೇಳಲಿ?

೨೩ ಏಪ್ರಿಲ್

ಈದು ಮುಗಿಯಿತು. ಇವತ್ತು ಅಬ್ಬಾ ಸಂತೆಯಿಂದ ಬರುತ್ತ ಪುಂಡಿಪಲ್ಯದ ಒಂದು ಹೊರೆ ತಂದರು. ಅಮ್ಮಾ ನಂಬದೆ ಅವರ ಮುಖವನ್ನೇ ನೋಡಿದಳು. ಅಬ್ಬಾ ಕೈಕಾಲು ತೊಳೆಯಲು ಹೋದರು.

ಬೆಳ್ಳುಳ್ಳಿ ಒಗ್ಗರಣೆ, ಮೇಲೆ ಹಸಿ ಎಣ್ಣೆ. ನನ್ನ ತಾಟಿಗೆ ಅಬ್ಬಾ ತಾವೇ ಬಡಿಸಿದರು. ಹುಳಿಗೆ ಕಣ್ಣಲ್ಲಿ ನೀರು ಬಂತು. ಹುಳಿಗೇ ಬಂತು ಎಂದು ಬರೆದಿಡುತ್ತೇನೆ.

೨೭ ಮೇ

ಬಾಗೇವಾಡಿಯಲ್ಲಿ ಎಕ್ಸ್-ರೇ ತೆಗೆದರು. ಎಕ್ಸ್-ರೇಗೆ ಕರೆಂಟು ಕೊಡುವ ಎಂಜಿನ್ನಿನ ಸದ್ದಿಗೆ ಅಮ್ಮಾ ದುವಾ ಓದುತ್ತಿದ್ದಳು. ಫೆಬ್ರುವರಿಯ ಹಳೆಯ ಫೋಟೋ, ಇವತ್ತಿನ ಹೊಸ ಫೋಟೋ, ಎರಡನ್ನೂ ಡಾಕ್ಟರು ಕಿಟಕಿಗೆ ಹಿಡಿದರು. ಹಳೆಯದರಲ್ಲಿ ಎಲುಬಿನ ಪಕ್ಕಕ್ಕೆ ಮಸುಕಾದ ಪಟ್ಟಿ, ಸ್ಕ್ರೂಗಳ ನೆರಳು. ಹೊಸದರಲ್ಲಿ ಎಲುಬು ಇದೆ. ಮುರಿದಲ್ಲಿ ಗಂಟು ಕಟ್ಟಿ ದಪ್ಪವಾಗಿದೆ.

ಪಟ್ಟಿ ಇಲ್ಲ.

ಬೇರೆಯವರ ಫೋಟೋ ಕೊಟ್ಟಿದ್ದೀರಿ ಎಂದರು ಅಬ್ಬಾ. ಡಾಕ್ಟರು ಅದರ ಮೂಲೆಯಲ್ಲಿ ಬರೆದ ನನ್ನ ಹೆಸರು ತೋರಿಸಿದರು. ಅಬ್ಬಾ ಅದನ್ನು ಕಸಿದುಕೊಂಡು ಅಂಗಳದ ಬಿಸಿಲಿಗೆ ಹೋದರು. ಹಿಂದೆ ಮುಂದೆ ತಿರುವಿದರು, ಪಾತ್ರೆಯ ತೂತು ಹುಡುಕುವಾಗ ಮಾಡುವಂತೆ ಸೂರ್ಯನಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಲೋಹದ ಜೊತೆಗೇ ಮುದುಕರಾದವರು. ಕರಗಿಸಿದರೆ ತಳದಲ್ಲಿ ಸಿಗುತ್ತದೆ, ಸುಟ್ಟರೆ ಬೂದಿಯಾದರೂ ಸಿಗುತ್ತದೆ, ಹೀಗೆ ಹೇಳದೆ ಕೇಳದೆ ಹೋದ ಲೋಹವನ್ನು ಅವರು ಕಂಡಿರಲಿಲ್ಲ. ನಾನೂ ದಂಗಾಗಿ ನಿಂತಿದ್ದೆ. ನನ್ನೊಳಗೇ ಇಷ್ಟೆಲ್ಲ ಆಯಿತು, ನನಗೇ ಗೊತ್ತಾಗಲಿಲ್ಲ.

ಅಬ್ಬಾ ಬಂದು ನನ್ನ ಬಲಗೈ ಹಿಡಿದುಕೊಂಡರು. ಆ ಬೆಳಕಿನ ನಂತರ ಅದನ್ನು ಮುಟ್ಟಿದ್ದು ಇವತ್ತೇ. ಹೆಬ್ಬೆರಳಿನಿಂದ ಎಲುಬಿನುದ್ದಕ್ಕೂ ಒತ್ತುತ್ತ ಹೋದರು. ಗಂಟಿನ ಹತ್ತಿರ ನಿಂತರು.

“ಎಲ್ಲಿ ಹೋತು ಬೇಟಿ?”

“ಎಲ್ಲಿ ಹೋಗತೈತಿ ಅಬ್ಬಾ” ಎಂದೆ. ರೇಣವ್ವನಿಗೆ ಹೇಳಿದ್ದರ ಮುಂದಿನದು ಅವರಿಗೇ ನೆನಪಾಯಿತು. ಡಾಕ್ಟರ ಅಂಗಳದಲ್ಲಿ, ರೋಗಿಗಳೆಲ್ಲ ನೋಡುತ್ತಿರುವಾಗ, ನನ್ನ ಕೈ ಹಿಡಿದುಕೊಂಡು ಅಬ್ಬಾ ಅತ್ತರು. ಅವರು ಅತ್ತದ್ದನ್ನು ಈ ಮೊದಲು ನಾನು ನೋಡಿರಲಿಲ್ಲ. ಅದು ನನಗೆ ಪಟ್ಟಿ ಹೋದದ್ದಕ್ಕಿಂತ ದೊಡ್ಡ ಪೆಟ್ಟು.

೧ ಜೂನ್

ಅಮ್ಮಾ ಅನ್ನ ಬಿಟ್ಟಿದ್ದಾಳೆ. ಕಾರಣ ಹೀಗೆ. ಅಬ್ಬಾ ಆ ಎಕ್ಸ್-ರೇಯನ್ನು ತಿದಿಯ ಚೀಲದಲ್ಲಿಟ್ಟುಕೊಂಡು ಇಂಡಿಯ ಸಂತೆಯಲ್ಲೂ ಇಲ್ಲಿಯ ಸಂತೆಯಲ್ಲೂ ಗಿರಾಕಿಗಳಿಗೆ ತೋರಿಸಿದ್ದಾರೆ. ಇಲ್ಲಿ ಇತ್ತು, ಈಗ ಇಲ್ಲ, ನೋಡಿರಿ ಎಂದು. ಮದುವೆಯಾಗದ ಹುಡುಗಿ, ಮುಖ ತೋರಿಸಲು ಹಿಂದೆ ಮುಂದೆ ನೋಡುತ್ತೇವೆ, ಇವರು ಎಲುಬನ್ನೇ ಊರಿಗೆಲ್ಲ ತೋರಿಸಿ ಬಂದರು ಎಂದು ಅಮ್ಮಾ ಗೋಡೆಗೆ ಮುಖ ಮಾಡಿ ಕೂತಿದ್ದಾಳೆ. ಎಲುಬಿನ ಮೇಲೆ ಹೆಸರೇನು ಬರೆದಿರುತ್ತದೆ ಎಂದರು ಅಬ್ಬಾ. ಮೂಲೆಯಲ್ಲಿ ಬರೆದಿದೆಯಲ್ಲ ಎಂದೆ. ಅವರ ಮುಖ ನೋಡಬೇಕಿತ್ತು.

ರೇಣವ್ವ ಮತ್ತೊಂದು ಹಂಡೆ ಕಳಿಸಿದ್ದಳು. ಅಬ್ಬಾ ಅದನ್ನು ಭಟ್ಟಿಯ ಮೇಲೆ ಕಾಯಿಸಿ, ತವರ ಮುಟ್ಟಿಸಿ, ಅರಳೆಯನ್ನು ನನ್ನತ್ತ ಚಾಚಿದರು. ಕೆಂಡದ ಎದುರಿಗೇ ಕೂತು ಒರೆಸಿದೆ. ಕಪ್ಪು ಒಳಮೈಯಲ್ಲಿ ಬಿಳುಪು ಸುತ್ತಿಕೊಂಡು ಬಂತು. ಅಬ್ಬಾ ಹಂಡೆಯನ್ನಲ್ಲ, ನನ್ನ ಕೈಯನ್ನು ನೋಡುತ್ತಿದ್ದರು.

೨ ಜೂನ್

ಶಾಲೆ ತೆರೆಯಿತು. ಸೀತವ್ವ ಬಾಯಾರು ನನ್ನ ತರಗತಿಗೇ ಬಂದು, ಸೀಮೆಸುಣ್ಣದ ಕಡ್ಡಿಯನ್ನು ನನ್ನ ಎಡಗೈಗೆ ಕೊಟ್ಟರು.

“ಇಷ್ಟ ದಿನಾ ರೂಢಿ ಮಾಡಿಯಲ್ಲ, ಬರಿ ನೋಡೂಣು.”

ಬೋರ್ಡಿನ ಮುಂದೆ ನಿಂತು ‘ಅ’ ಬರೆಯಲು ಹೋದೆ. ಬರಲಿಲ್ಲ. ಮೊದಲ ದಿನ ಬರೆದದ್ದಕ್ಕಿಂತಲೂ ಕೆಟ್ಟದಾಗಿ, ಕಾಲು ಮುರಿದ ಕೋಳಿಯಂತೆ ಬಂತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬಾಯಾರ ಮುಖ ಗಂಭೀರವಾಯಿತು. ದಿನಾ ಬರೆ ಎಂದಿದ್ದೆನಲ್ಲ, ಬರೆಯಲಿಲ್ಲವೇ ಎಂದರು.

ಬರೆದಿದ್ದೇನೆ. ಈ ಪುಸ್ತಕದಲ್ಲೇ ಎಷ್ಟೊಂದು ಬರೆದಿದ್ದೇನೆ. ಯಾವ ಕೈಯಿಂದ ಬರೆದೆ? ಎಡಗೈಯನ್ನು ಯಾವತ್ತು ಬಿಟ್ಟೆ? ಬೆವರುತ್ತ ಸುಣ್ಣದ ಕಡ್ಡಿಯನ್ನು ಬಲಗೈಗೆ ತೆಗೆದುಕೊಂಡು, ತಾರೀಖು ಬರೆದೆ, ಇಯತ್ತೆ ಬರೆದೆ, ಕೆಳಗೆ ‘ಅ’ದಿಂದ ‘ಅಃ’ವರೆಗೂ ಬರೆದೆ. ನಿಲ್ಲಿಸಲು ಮನಸ್ಸಾಗಲಿಲ್ಲ. ತಿರುಗಿ ನೋಡಿದರೆ ಬಾಯಾರು ಹೋಗಿಬಿಟ್ಟಿದ್ದರು, ಹುಡುಗಿಯರು ಪಾಟಿ ತೆಗೆದು ನಾನು ಬರೆದದ್ದನ್ನು ನೋಡಿ ಬರೆದುಕೊಳ್ಳುತ್ತಿದ್ದರು.

ಮನೆಗೆ ಬಂದು ಅಬ್ಬಾನಿಗೆ ಹೇಳಿದೆ. ಯಾವ ದಿನದಿಂದ ಬಲಗೈಗೆ ಬಂದೆ ಎಂದು ಎಷ್ಟು ನೆನೆಸಿಕೊಂಡರೂ ಹೊಳೆಯುತ್ತಿಲ್ಲ ಎಂದೆ. ಅಬ್ಬಾ ಹಂಡೆಯ ಮಸಿ ತಿಕ್ಕುತ್ತಿದ್ದರು. ಅವರ ಹುಬ್ಬು ಮತ್ತೆ ಬಂದಿದೆ, ಬೆಳ್ಳಗೆ.

“ಸವೆಯೂದು ಕಾಣೂದಿಲ್ಲ ಬೇಟಿ” ಎಂದರು. “ನೀರು ಹಾಕು, ಕೈ ತೊಳಕೋತೇನಿ.”

ಬಲಗೈಯಿಂದಲೇ ಕೊಡ ಬಗ್ಗಿಸಿ ನೀರು ಹಾಕಿದೆ.